ಅಂತರಪಟ ಮತ್ತು ಭಟ್ಟರ ಮೊಣಕೈ

ನಮ್ಮ ಸೋದರಮಾವ ಮೂರು ತಾಲೂಕಿನ ಮದುವೆಗಳನ್ನೆಲ್ಲ ನೋಡಿದವರು. ಆದರೆ ಒಂದನ್ನೂ ನೆಟ್ಟಗೆ ನೋಡಿದವರಲ್ಲ! ಎಲ್ಲವನ್ನೂ ತಲೆಕೆಳಗಾಗಿಯೇ ನೋಡಿದರು. ಇದು ನಾನು ತಮಾಷೆಗೆ ಹೇಳುವ ಮಾತಲ್ಲ. ಅರವತ್ತರ ದಶಕದಲ್ಲಿ ಸಾಗರದ ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಮರದ ಮೂರು ಕಾಲಿನ ಮೇಲೆ ಕೂರುವ ದೊಡ್ಡ ಪೆಟ್ಟಿಗೆ ಕ್ಯಾಮೆರಾ. ಅದರ ಹಿಂದೊಂದು ಗಾಜು. ಕರಿ ಬಟ್ಟೆಯೊಳಗೆ ತಲೆ ತೂರಿಸಿ ಆ ಗಾಜನ್ನು ನೋಡಿದರೆ ಎದುರಿಗಿದ್ದವರೆಲ್ಲ ಕಾಲು ಮೇಲೆ, ತಲೆ ಕೆಳಗೆ. ವರ್ಷಗಟ್ಟಲೆ ಪ್ರಪಂಚವನ್ನು ಹೀಗೆ ನೋಡಿದ ಮನುಷ್ಯನ ಗತಿ ಏನಾಗಬೇಡ? ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮಾವನಿಗೆ ಗುರುತೇ ಹತ್ತುತ್ತಿರಲಿಲ್ಲ. ಕತ್ತನ್ನು ಭುಜದವರೆಗೆ ವಾಲಿಸಿ ಒಂದು ಗಳಿಗೆ ನೋಡಿ, "ಓಹೋ, ನೀವಾ! ಹೋದ ವೈಶಾಖದಲ್ಲಿ ಮಗಳ ಮದುವೆ ಮಾಡಿದ್ರಲ್ಲ!" ಎನ್ನುತ್ತಿದ್ದರು. ಆ ಮನುಷ್ಯ ಪೂರ್ತಿ ತಲೆಕೆಳಗಾಗಿ ನಿಂತಿದ್ದರೆ ಹೆಸರೂ ನೆನಪಾಗುತ್ತಿತ್ತೋ ಏನೋ.

ಮಾವನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ಹೆಣ್ಣು ಗಂಡಿನ ನಡುವೆ ಹಿಡಿದ ಅಂತರಪಟ ಕೆಳಗಿಳಿಯುತ್ತದಲ್ಲ, ಇಬ್ಬರೂ ಮೊದಲ ಸಲ ಮುಖಕ್ಕೆ ಮುಖ ನೋಡುತ್ತಾರಲ್ಲ, ಆ ಒಂದು ಕ್ಷಣದ ಫೋಟೋ ತೆಗೆಯಬೇಕು. ಇದೇನು ಮಹಾ ಎನ್ನಬೇಡಿ. ಚಪ್ಪರದ ಕೆಳಗಿನ ಮಬ್ಬು ಬೆಳಕಿನಲ್ಲಿ ಆ ಕ್ಯಾಮೆರಾಕ್ಕೆ ಒಂದಿಷ್ಟು ಹೊತ್ತು ಬೇಕು. ಅಷ್ಟರೊಳಗೆ ಯಾರಾದರೂ ಅಲುಗಿದರೋ, ಅವರ ಮುಖ ಒರೆಸಿದ ಹಲಗೆಯಂತಾಯಿತು. ಅದಕ್ಕೇ ಮಾವ ಕ್ಯಾಮೆರಾದ ಕಣ್ಣು ತೆರೆಸುವ ರಬ್ಬರ್ ಗುಂಡು ಒತ್ತುವ ಮುಂಚೆ "ಉಸಿರು ಹಿಡೀರಿ!" ಎಂದು ಕೂಗುತ್ತಿದ್ದರು. ಆದರೆ ಅಂತರಪಟ ಇಳಿಯುವಾಗ ಯಾರು ಉಸಿರು ಹಿಡಿಯುತ್ತಾರೆ? ವಾಲಗದವರು ಗಟ್ಟಿಮೇಳ ಊದುತ್ತಾರೆ, ಹೆಂಗಸರು ಅಕ್ಷತೆ ಎಸೆಯುತ್ತಾರೆ, ಭಟ್ಟರು ಕೈಯೆತ್ತಿ ಆಶೀರ್ವಾದ ಮಾಡುತ್ತಾರೆ. ಹೀಗಾಗಿ ಸ್ಟುಡಿಯೋದ ಗೋಡೆಯ ತುಂಬ ಭಟ್ಟರ ಮೊಣಕೈ! ಹೊಸನಗರದ ಮದುವೆಯಲ್ಲಿ ಮೊಣಕೈ, ಹೆಗ್ಗೋಡಿನ ಮದುವೆಯಲ್ಲಿ ಮೊಣಕೈ. ಒಬ್ಬರೇ ಭಟ್ಟರು, ಒಂದೇ ಮೊಣಕೈ. ಅದಕ್ಕಾದಷ್ಟು ಫೋಟೋ ಆ ಕಾಲದ ಯಾವ ಮಂತ್ರಿಗೂ ಆಗಿರಲಿಕ್ಕಿಲ್ಲ.

ಇದಕ್ಕೆ ನಿಜವಾದ ಕಾರಣ ಏನೆಂದು ಅತ್ತೆಯನ್ನು, ಅಂದರೆ ಮಾವನ ಹೆಂಡತಿಯನ್ನು ಕೇಳಬೇಕು. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು ಒಣಗಿಸುವುದೆಲ್ಲ ಅವರೇ. ಆದರೆ ಕ್ಯಾಮೆರಾ ಮುಟ್ಟಲು ಮಾವ ಬಿಡುತ್ತಿರಲಿಲ್ಲ.

"ಗುಂಡು ಒತ್ತೋ ಹೊತ್ತಿಗೆ ಸರಿಯಾಗಿ ಇವರು ಕಣ್ಣು ಮುಚ್ಚಿಬಿಡ್ತಾರೆ ಕೂಸೆ" ಎನ್ನುತ್ತಿದ್ದರು ಅತ್ತೆ. "ಕಣ್ಣು ಮುಚ್ಕೊಂಡು ಫೋಟೋ ತೆಗಿಯೋರು ಈ ಸೀಮೆಲಿ ಇವರೊಬ್ರೇ. ನಮ್ಮ ಮದುವೇಲೂ ಹಂಗೇ ಮಾಡಿದ್ರು. ಅಂತರಪಟ ಕೆಳಗೆ ಬಂತು, ನಾನು ಆಸೆಯಿಂದ ನೋಡ್ತೀನಿ, ಈ ಮಹಾರಾಯರು ಹೆದರಿ ಕಣ್ಣು ಮುಚ್ಕೊಂಡು ನಿಂತಿದ್ದಾರೆ!"

"ಹೆದರಿ ಅಲ್ಲ, ಹೋಮದ ಹೊಗೆಗೆ" ಎಂದು ಮಾವ ಗೊಣಗುತ್ತಿದ್ದರು. ಹೊಗೆಯ ಮೇಲೆ ತಪ್ಪು ಹೊರಿಸಿ ಎಷ್ಟು ವರ್ಷ ಬದುಕುತ್ತೀರಿ? ಅವರ ಮದುವೆಯ ಒಂದು ಫೋಟೋ ಕೂಡ ಇರಲಿಲ್ಲ. ಆಗ ಸುತ್ತಮುತ್ತ ಇದ್ದ ಫೋಟೋಗ್ರಾಫರ್ ಇವರೊಬ್ಬರೇ. ಮದುಮಗ ಹಸೆಯಿಂದೆದ್ದು ಕರಿ ಬಟ್ಟೆಯೊಳಗೆ ತಲೆ ಹಾಕಲಾದೀತೇ?

ಅಂಥಾ ಮಾವನ ಕೈಗೆ ನನ್ನ ಮದುವೆ ಸಿಕ್ಕಿತು.

ಅಪ್ಪನಿಗೆ ಹೊಸನಗರದಲ್ಲಿ ಜವಳಿ ಅಂಗಡಿ. ಹುಡುಗ ತೀರ್ಥಹಳ್ಳಿಯವನು, ಕಾರ್ಗಲ್ಲಿನಲ್ಲಿ ಆಣೆಕಟ್ಟಿನ ಆಫೀಸಿನಲ್ಲಿ ಗುಮಾಸ್ತ. ಸುದ್ದಿ ಕೇಳಿದ ಕೂಡಲೇ ಮಾವ ಬಸ್ಸು ಹತ್ತಿ ಬಂದವರೇ ಘೋಷಿಸಿದರು. "ಈ ಮದುವೆ ಅಜ್ಜಿ ಕಾಲದ ಹಂಗೆ ನಡೀಬೇಕು. ನಮ್ಮಮ್ಮ ಮದುವೆಯಾದಾಗ ಈ ಕಡೆಗೆ ಕ್ಯಾಮೆರಾನೇ ಬಂದಿರಲಿಲ್ಲ. ಆಗ ತೆಗೀದೇ ಬಿಟ್ಟ ಫೋಟೋನ ಈಗ ತೆಗೀತೀನಿ."

ಅಲ್ಲಿಂದ ಶುರುವಾಯಿತು ನೋಡಿ. ಮೈಕ್ ಸೆಟ್ಟು ಬೇಡ, ಟ್ಯೂಬ್ ಲೈಟು ಬೇಡ, ಬಣ್ಣದ ಕಾಗದದ ಮಾಲೆ ಬೇಡ. ಚಪ್ಪರಕ್ಕೆ ಹೊಂಬಾಳೆ, ಮಾವಿನೆಲೆ ಮಾತ್ರ. ನನಗೆ ಅಜ್ಜಿಯ ಕೆಂಪು ಸೀರೆ, ಅಜ್ಜಿಯ ಜಡೆಬಿಲ್ಲೆ, ಕಿವಿ ಹರಿದುಹೋಗುವಷ್ಟು ಭಾರದ ಅಜ್ಜಿಯ ಬುಗುಡಿ. ವರ ಬರಲು ಹುಲಿಕಲ್ ಕಡೆಯ ಒಂದು ಮನೆಯ ಅಟ್ಟದಿಂದ ಪಲ್ಲಕ್ಕಿ ಇಳಿಸಿ ತಂದರು. ಅದರಲ್ಲಿ ಹಿಂದಿನ ವಾರದವರೆಗೆ ಬೆಕ್ಕೊಂದು ಮರಿ ಹಾಕಿಕೊಂಡಿತ್ತು ಎಂಬುದನ್ನು ಬೀಗರಿಗೆ ಇವತ್ತಿಗೂ ಯಾರೂ ಹೇಳಿಲ್ಲ.

ಪಾಪ, ಹುಡುಗ ಕರಿ ಕನ್ನಡಕ, ಟೈ, ಹೊಸ ವಾಚು, ಹೆಗಲಿಗೆ ಟ್ರಾನ್ಸಿಸ್ಟರ್ ಎಲ್ಲ ಹಾಕಿಕೊಂಡು ಬಂದಿದ್ದ. ದೇವಸ್ಥಾನದಲ್ಲಿ ಇಳಿದುಕೊಂಡಿದ್ದ ಅವನ ಬಳಿ ಮಾವ ಹೋದರು. ಕನ್ನಡಕ ತೆಗೆಸಿದರು. ಟೈ ಬಿಚ್ಚಿಸಿ ಪೇಟ ಸುತ್ತಿಸಿದರು. ಟ್ರಾನ್ಸಿಸ್ಟರನ್ನು ಅಡಿಗೆಯವರಿಗೆ ಕೊಟ್ಟುಬಿಟ್ಟರು. ವಾಚಿಗೆ ಕೈ ಹಾಕಿದಾಗ ಮಾತ್ರ ಹುಡುಗ, "ಇದೊಂದು ಇರಲಿ ಮಾರಾಯ್ರೆ, ಕಂತಿನ ಮೇಲೆ ತಗೊಂಡಿದ್ದು" ಎಂದು ಮುಷ್ಟಿ ಬಿಗಿಹಿಡಿದನಂತೆ. ಕೊನೆಗೆ ವಾಚಿನ ಮೇಲೆ ಮಲ್ಲಿಗೆ ದಂಡೆ ಕಟ್ಟಿ ಮುಚ್ಚಿದರು. ಮದುವೆಯಿಡೀ ಅವನ ಕೈಯಿಂದ ಹೂವಿನ ಪರಿಮಳದ ಜೊತೆಗೆ ಟಿಕ್ ಟಿಕ್ ಸದ್ದು ಬರುತ್ತಿತ್ತು.

ದಿಬ್ಬಣ ವಾಲಗದೊಂದಿಗೆ ನಮ್ಮ ಬಾಗಿಲಿಗೆ ಬಂತು. ಮಾವ ಕರಿ ಬಟ್ಟೆಯಿಂದ ತಲೆ ಹೊರಹಾಕಿ ಕೂಗಿದರು. "ಸರಿ ಬರಲಿಲ್ಲ! ಎಲ್ಲ ದೇವಸ್ಥಾನಕ್ಕೆ ವಾಪಸ್ ಹೋಗಿ ಇನ್ನೊಂದ್ಸಲ ಬನ್ನಿ!"

ವಾಲಗ ಗಕ್ಕನೆ ನಿಂತಿತು. ಬಾಗಿಲಿಗೆ ಬಂದ ದಿಬ್ಬಣವನ್ನು ಹಿಂದಕ್ಕೆ ಕಳಿಸುವುದುಂಟೇ? ವರನ ತಂದೆ ರಿಟೈರ್ಡ್ ಶಿರಸ್ತೇದಾರರು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. "ಹಿಂದೆ ಹೋಗೋದಾ? ದಿಬ್ಬಣ ಹಿಂದೆ ತಿರುಗಿದ್ರೆ ದೇವಸ್ಥಾನದಲ್ಲಿ ನಿಲ್ಲೋದಿಲ್ಲ, ಸೀದಾ ತೀರ್ಥಹಳ್ಳಿಗೇ ಹೋಗ್ತದೆ!" ಎಂದು ಗುಡುಗಿದರು. ಅಪ್ಪ ಕೈಮುಗಿದು ನಿಂತರು. ನಾನು ಒಳಗೆ ಕಿಟಕಿಯ ಸಂದಿಯಲ್ಲಿ ಅಜ್ಜಿಯ ಬುಗುಡಿಯೊಂದಿಗೆ ನಡುಗುತ್ತಿದ್ದೆ. ನಿಜಕ್ಕೂ ಹೆದರಿಕೆಯಾಗಿತ್ತು. ಹೆಣ್ಣು ನೋಡಲು ಬಂದಾಗ ಓರೆಗಣ್ಣಲ್ಲಿ ಕಂಡದ್ದಷ್ಟೇ, ಆದರೂ ಆ ಹುಡುಗ ನನಗೆ ಇಷ್ಟವಾಗಿದ್ದ, ಸ್ವಾಮಿ!

"ಹಂಗಾರೆ ನೀವು ಅಲ್ಲೇ ನಿಲ್ಲಿ, ನಾನೇ ಹಿಂದೆ ಹೋಗ್ತೀನಿ" ಎಂದು ಮಾವ ಕ್ಯಾಮೆರಾ ಎತ್ತಿಕೊಂಡು, ತಲೆಯ ಮೇಲೆ ಕರಿ ಬಟ್ಟೆಯ ಸಮೇತ ಹಿಂದೆ ಹಿಂದೆ ನಡೆದರು. ಹಿಂದೆ ಊಟಕ್ಕೆಂದು ತೊಳೆದಿಟ್ಟ ಬಾಳೆಲೆಯ ರಾಶಿ. ಒದ್ದೆ ಎಲೆಯ ಮೇಲೆ ಕಾಲಿಟ್ಟವರು ಜಾರಿಕೊಂಡು ಹೋಗಿ ಬಿದ್ದರು. ಕ್ಯಾಮೆರಾ ಮಾತ್ರ ಕೂಸನ್ನು ಎತ್ತಿಹಿಡಿದ ಹಾಗೆ ಎರಡು ಕೈಯಲ್ಲಿ ಮೇಲೆ! ಪಲ್ಲಕ್ಕಿಯೊಳಗಿಂದ ಹುಡುಗ ಹೋ ಎಂದು ನಕ್ಕ. ಮಗ ನಕ್ಕಿದ್ದು ನೋಡಿ ಶಿರಸ್ತೇದಾರರ ಮೀಸೆಯೂ ಅಲುಗಿತು. ದಿಬ್ಬಣ ಒಳಗೆ ಬಂತು.

ಆದರೆ ದೊಡ್ಡ ಪೇಚು ಮುಂದೆ ಕಾದಿತ್ತು. ಮುಹೂರ್ತ ಹತ್ತಿರ ಬಂತು. ಮಾವ ಮಂಟಪದ ಎದುರು ಕ್ಯಾಮೆರಾ ನಿಲ್ಲಿಸಿ, ಮೊಣಕೈ ಇಳಿಸಿಯೇ ಆಶೀರ್ವಾದ ಮಾಡುವುದಾಗಿ ಭಟ್ಟರಿಂದ ಭಾಷೆ ತೆಗೆದುಕೊಂಡು ಸಿದ್ಧರಾಗಿದ್ದರು. ಆಗ ಅಮ್ಮ ಬಂದು ಹೇಳಿದಳು. "ಅಣ್ಣ, ಬಾ. ಹೆಣ್ಣನ್ನ ಕರ್ಕೊಂಡು ಬಾ."

ಮಾವ ತಬ್ಬಿಬ್ಬಾದರು. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ತಂದು, ಅಂತರಪಟ ಇಳಿಯುವವರೆಗೆ ಅವಳ ಬೆನ್ನಿಗೆ ನಿಲ್ಲಬೇಕಾದವನು ಸೋದರಮಾವ. ಫೋಟೋದ ಗುಂಗಿನಲ್ಲಿ ಅವರಿಗೆ ಇದು ಮರೆತೇ ಹೋಗಿತ್ತು! ಅಮ್ಮನಿಗೆ ಇದ್ದದ್ದು ಒಬ್ಬನೇ ಅಣ್ಣ.

"ಬೇರೆ ಯಾರನ್ನಾದ್ರೂ ನಿಲ್ಸಿದ್ರೆ ಆಗೂದಿಲ್ವನೇ? ಇಷ್ಟು ವರ್ಷ ಕಾದಿದ್ದು ಇದಕ್ಕೇ ತಾನೆ?"

"ನಂಗೆ ಫೋಟೋ ಬೇಡ. ನಂಗೆ ಅಣ್ಣ ಬೇಕು" ಎಂದಳು ಅಮ್ಮ.

ಮಾವ ಕ್ಯಾಮೆರಾ ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ರಬ್ಬರ್ ಗುಂಡನ್ನು ಹಿಡಿದುಕೊಂಡೇ ಹೆಂಗಸರ ಗುಂಪಿನತ್ತ ತಿರುಗಿದರು. "ಏ, ಬಾರೆ ಇಲ್ಲಿ" ಎಂದು ಅತ್ತೆಯನ್ನು ಕರೆದರು. "ಅಂತರಪಟ ಕೆಳಗೆ ಬಂದ ಕೂಡ್ಲೇ ಒತ್ತಬೇಕು. ಅಲುಗಬೇಡ. ಉಸಿರು..."

"ಗೊತ್ತು, ನೀವು ಹೋಗಿ" ಎಂದರು ಅತ್ತೆ. "ಈ ಸಲ ಕಣ್ಣೊಂದು ಬಿಟ್ಕೊಂಡಿರಿ, ಸಾಕು."

ಮಂಟಪದಲ್ಲಿ ಮಾವ ನನ್ನ ತೋಳು ಹಿಡಿದು ಬೆನ್ನಿಗೆ ನಿಂತರು. ಮಂತ್ರ ಮುಗಿಯಿತು. ಅಂತರಪಟ ಇಳಿಯಿತು. ಅದೇ ಗಳಿಗೆಗೆ ನನ್ನ ಬೆನ್ನ ಹಿಂದಿನಿಂದ ಅಭ್ಯಾಸಬಲದ ಕೂಗು: "ಉಸಿರು ಹಿಡೀರಿ!"

ವಾಲಗದವನು ಹಿಡಿದೇ ಬಿಟ್ಟ! ಗಟ್ಟಿಮೇಳ ನಿಂತುಹೋಯಿತು. ಇಡೀ ಚಪ್ಪರ ಗಪ್‌ಚುಪ್. ಎದುರಿಗೆ ಹುಡುಗನ ವಾಚು ಟಿಕ್ ಟಿಕ್ ಎನ್ನುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕೆ. ಅವನೂ ನಕ್ಕ. ನಾವಿಬ್ಬರೂ ಮೊದಲು ಮುಖಕ್ಕೆ ಮುಖ ನೋಡಿದ್ದು ಹಾಗೆ, ಮೈಯೆಲ್ಲ ಕುಲುಕುತ್ತಾ. "ಊದ್ರೋ!" ಎಂದು ಶಿರಸ್ತೇದಾರರು ಅಬ್ಬರಿಸಿದರು. ವಾಲಗ, ಅಕ್ಷತೆ, ಆಶೀರ್ವಾದ ಎಲ್ಲ ಒಟ್ಟಿಗೇ ನಮ್ಮ ಮೇಲೆ ಬಿತ್ತು. ಅದರ ನಡುವೆ ಎಲ್ಲೋ ಅತ್ತೆ ಗುಂಡು ಒತ್ತಿದರು.

ಸ್ವಲ್ಪ ದಿನ ಕಳೆದ ಮೇಲೆ ಮಾವ, ಅತ್ತೆ ಕಾರ್ಗಲ್ಲಿನ ನಮ್ಮ ಕ್ವಾರ್ಟರ್ಸಿಗೆ ಬಂದರು. ಮಾವನ ಮುಖ ಸಣ್ಣದಾಗಿತ್ತು. "ನಿನ್ನ ಮದುವೆ ಫೋಟೋ ಹಾಳಾಯ್ತು ಕೂಸೆ" ಎಂದು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟರು.

ಹಾಳಾಗಿತ್ತು, ಸುಳ್ಳಲ್ಲ. ನಕ್ಕ ತಪ್ಪಿಗೆ ನಾನೂ ನನ್ನ ಗಂಡನೂ ಎರಡು ಬಿಳಿ ಮೋಡಗಳಾಗಿದ್ದೆವು. ಮೇಲೆ ಮೂಲೆಯಲ್ಲಿ, ಭಾಷೆ ಮುರಿದ ಭಟ್ಟರ ಮೊಣಕೈ! ಆದರೆ ಮೋಡಗಳ ಹಿಂದೆ ಒಬ್ಬರು ಮಾತ್ರ ಗೆರೆ ಕೊರೆದಷ್ಟು ಸ್ಪಷ್ಟವಾಗಿ ಮೂಡಿದ್ದರು. ಅಷ್ಟು ಜನರಲ್ಲಿ ಉಸಿರು ಹಿಡಿದು ಅಲುಗದೆ ನಿಂತವರು ಅವರೊಬ್ಬರೇ. ಪೇಟ ಓರೆಯಾಗಿತ್ತು, ಹೆಗಲ ಮೇಲೆ ಬಾಳೆಲೆಯ ಚೂರು ಅಂಟಿತ್ತು. ತುಂಬಿ ಬಂದ ಎರಡು ಕಣ್ಣುಗಳನ್ನೂ ಅಗಲವಾಗಿ ತೆರೆದುಕೊಂಡು, ಮಾವ ನನ್ನನ್ನಲ್ಲ, ನನ್ನ ಗಂಡನನ್ನಲ್ಲ, ನೇರವಾಗಿ ಕ್ಯಾಮೆರಾದ ಪಕ್ಕ ನಿಂತವರನ್ನು ನೋಡುತ್ತಿದ್ದರು.

"ಇವಳದ್ದು ಹಾಳಾಗಿರಬೌದು" ಎಂದರು ಅತ್ತೆ, ಸೆರಗಿನಿಂದ ಫೋಟೋದ ಧೂಳು ಒರೆಸುತ್ತಾ. "ನಂದು ಚೆನ್ನಾಗಿ ಬಂದಿದೆ."

ಮಾವ ಫೋಟೋ ಕೈಗೆತ್ತಿಕೊಂಡರು. ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು, ಕತ್ತು ವಾಲಿಸದೆ. ಆಮೇಲೆ ಅತ್ತೆಯನ್ನೂ ಹಾಗೆಯೇ ನೋಡಿದರು. ನನಗೆ ಒಳಗೆ ಹೋಗಿ ಕಾಫಿ ಮಾಡುವ ನೆಪ ಬೇಕಾಯಿತು. ನನ್ನ ಕಣ್ಣೂ ತುಂಬಿತ್ತು.

ಆ ಫೋಟೋ ಇನ್ನೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಂದವರು ಅದನ್ನು ಹತ್ತಿರದಿಂದ ನೋಡಿ, ದೂರದಿಂದ ನೋಡಿ, "ಮದುಮಗ ಇವರು ಅಂತ ಗೊತ್ತಾಯ್ತು. ಮದುಮಗಳು ಎಲ್ಲಿ?" ಎಂದು ಕೇಳುತ್ತಾರೆ.

"ಫೋಟೋ ತೆಗೀತಾ ಇದ್ದಾರೆ" ಎನ್ನುತ್ತೇನೆ.