ಬೇವಿನದೊಡ್ಡಿಯ ಶಿಸ್ತಿನ ಸಾಲು

ನಾಗಲಕ್ಷ್ಮಿ ಮಗಳ ಎಡಜಡೆ ಹೆಣೆದು, ಮಡಿಸಿ, ರಿಬ್ಬನ್ ಕಟ್ಟಿ, ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಳು. ಅಷ್ಟರಲ್ಲಿ ಪಾಪಣ್ಣ ಬಾಗಿಲಿಗೆ ಬಂದ. ಅವನ ಹಿಂದೆ ಪೊಲೀಸ್ ಕಾನ್‌ಸ್ಟೇಬಲ್ ಸುಬ್ರಮಣಿ. ಖಾಕಿ ಕಂಡದ್ದೇ ನಾಗಲಕ್ಷ್ಮಿಯ ಬೆರಳು ಬಿಗಿಯಾಯಿತು.

"ಅಮ್ಮಾ, ನೋಯ್ತದೆ," ಎಂದಳು ಮಾಲಿನಿ.

"ಗಾಬರಿ ಆಗ್ಬೇಡ ಕಣಮ್ಮ," ಎಂದ ಪಾಪಣ್ಣ. "ಬೋರ್ಡ್‌ಗಳ್ನ ಮಾತ್ರ ಮನೇಲೇ ಬುಟ್ಟು ಬಾ."

ಬೋರ್ಡುಗಳು ಗೋಡೆಗೆ ಒರಗಿ ನಿಂತಿದ್ದವು. ಹಿಂದಿನ ಸಂಜೆ ಊರಿನ ಹೆಂಗಸರೆಲ್ಲ ಕೂತು ಇಪ್ಪತ್ತು ರಟ್ಟುಗಳ ಮೇಲೆ ಕನ್ನಡದಲ್ಲೂ ತಮಿಳಿನಲ್ಲೂ 'ನಮ್ಮ ಮಕ್ಕಳು ದಾಟಬೇಕು, ಹಂಪ್ಸ್ ಹಾಕಿ' ಎಂದು ಬರೆದಿದ್ದರು.

"ಬೋರ್ಡಿಲ್ದೆ ನಾವು ಯಾಕ್ ನಿಂತಿದ್ದೀವಿ ಅಂತ ಯಾರ್ಗೆ ಗೊತ್ತಾಗ್ತದೆ ಅಣ್ಣ?"

ಸುಬ್ರಮಣಿ ಜೇಬಿನಿಂದ ಕಾಗದ ತೆಗೆದ. "ಅಕ್ಕಾ, ನಾನೇನೂ ಮಾಡಕ್ಕಾಗಲ್ಲ. ಇವ್ರು ಬರೆದ ಅರ್ಜಿಲಿ ಏನೈತೋ ಅದಕ್ಕೇ ಪರ್ಮಿಷನ್ನು. ಕೇಳಿ. ರಸ್ತೆಯ ಎಡಕ್ಕೆ ಒಂದೇ ಸಾಲು. ಬೋರ್ಡು, ಬಾವುಟ, ಫ್ಲೆಕ್ಸು ಇಲ್ಲ. ಘೋಷಣೆ ಇಲ್ಲ. ಸಾಲಲ್ಲಿ ನಿಂತೋರು ಮಾತೂ ಆಡಲ್ಲ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು."

ನಾಗಲಕ್ಷ್ಮಿ ಪಾಪಣ್ಣನ ಕಡೆ ನೋಡಿದಳು. "ಇಷ್ಟೆಲ್ಲ ಬರೀರಿ ಅಂದೋರ್ಯಾರಣ್ಣ?"

"ಯಾರೂ ಅನ್ನಲಿಲ್ಲ. ಬರೀತಾ ಬರೀತಾ ಚೆಂದ ಅನ್ನಿಸ್ತು," ಎಂದ ಪಾಪಣ್ಣ ನೆಲ ನೋಡುತ್ತ. ಮೂವತ್ತು ವರ್ಷ ಹೊಸೂರಿನ ಕಾರ್ಖಾನೆಯೊಂದರ ಯೂನಿಯನ್ನಿನಲ್ಲಿ ಇದ್ದು ನಿವೃತ್ತನಾದವನು ಅವನು. ಅನ್ನಕ್ಕೆ ಸಾರು ಬಡಿಸುವುದರಲ್ಲೂ ಅವನಿಗೆ ಶಿಸ್ತು ಬೇಕು. "ಶಿಸ್ತಾಗಿ ನಿಂತ್ರೆ ಜನ ತಾನಾಗೇ ನಮ್ ಕಡೆ ಬತ್ತಾರೆ ಕಣಮ್ಮ. ಕೂಗಾಡೋರ್ನ ಯಾರೂ ನಂಬಲ್ಲ."

"ಒಬ್ರು ಕೂಗಿದ್ರೂ ಎಲ್ಲಾರ್ನೂ ವ್ಯಾನಿಗೆ ಹತ್ತಿಸಿ ಕಲ್ಯಾಣ ಮಂಟಪದಲ್ಲಿ ಕೂರಿಸ್ತೀವಿ," ಎಂದ ಸುಬ್ರಮಣಿ. "ಬುಡೋದು ಸಾಯಂಕಾಲವೇ."

"ಮಧ್ಯಾಹ್ನಕ್ಕೆ ಊಟ ಹಾಕ್ತೀರೇನಪ್ಪಾ?" ಒಳಗಿನಿಂದ ಅತ್ತೆ ಭದ್ರಮ್ಮನ ದನಿ ಬಂತು.

ನಾಗಲಕ್ಷ್ಮಿಗೆ ನಗು ಬರಲಿಲ್ಲ. ಬೇವಿನದೊಡ್ಡಿ ರಸ್ತೆಯ ಈಚೆ, ಶಾಲೆ ಆಚೆ. ನಡುವೆ ಬಾಗಲೂರಿನಿಂದ ಬೇರಿಕೆಗೆ ಹೋಗುವ ರಸ್ತೆ. ಅದರ ಮೇಲೆ ಜಲ್ಲಿ ತುಂಬಿದ ಟಿಪ್ಪರ್‌ಗಳು ಬೆನ್ನಿಗೆ ಬೆಂಕಿ ಬಿದ್ದಂತೆ ಓಡುತ್ತವೆ. ಹೋದ ತಿಂಗಳು ಒಂದು ಟಿಪ್ಪರ್ ಮಾಲಿನಿಯ ಸ್ಕೂಲ್ ಬ್ಯಾಗನ್ನು ಸವರಿ ಹೋಗಿತ್ತು. ಬ್ಯಾಗಿನ ಪಟ್ಟಿ ಹರಿಯಿತು, ಮಗು ಉಳಿಯಿತು. ಅಂದಿನಿಂದ ನಾಗಲಕ್ಷ್ಮಿ ದಿನವೂ ಕೈಹಿಡಿದು ದಾಟಿಸುತ್ತಿದ್ದಳು. ಆದರೆ ಬರುವ ಸೋಮವಾರ ಅವಳು ಕಾರ್ಖಾನೆಯ ಕೆಲಸಕ್ಕೆ ಸೇರಬೇಕು, ಮೊದಲ ಶಿಫ್ಟು. ಮನೆ ಮುಂದೆ ವ್ಯಾನ್ ಬರುವುದು ಬೆಳಿಗ್ಗೆ ಐದೂವರೆಗೆ. ಗಂಡ ನರೇಶ ಸೂಳಗಿರಿಯ ಕೆಲಸಕ್ಕೆ ಏಳಕ್ಕೇ ಹೊರಡುತ್ತಾನೆ. ಅತ್ತೆಗೆ ಮಂಡಿನೋವು. ಮೂರನೇ ಕ್ಲಾಸಿನ ಮಾಲಿನಿ ಒಬ್ಬಳೇ ದಾಟಬೇಕು. ಹಂಪ್ಸ್ ಬಿದ್ದರೆ ಕೆಲಸ, ಇಲ್ಲದಿದ್ದರೆ ಕೆಲಸ ಬಿಡಬೇಕು, ಇಷ್ಟೇ ಲೆಕ್ಕ.

ರಸ್ತೆಯ ಇಂಜಿನಿಯರು ಫೋನಿನಲ್ಲಿ ಹೇಳಿದ್ದರು: "ಇಬ್ಬರು ಮೂವರು ಕೇಳಿದರೆ ಹಾಕಕ್ಕೆ ಆಗಲ್ಲಮ್ಮ. ಶುಕ್ರವಾರ ಹನ್ನೊಂದಕ್ಕೆ ಬರ್ತೀನಿ. ರಸ್ತೆನೂ ನೋಡ್ತೀನಿ, ಜನಾನೂ ನೋಡ್ತೀನಿ."

ಬಲಜಡೆಯನ್ನು ಹೇಗೋ ಮುಗಿಸಿ, ಮಗಳನ್ನೂ ಕರೆದುಕೊಂಡು ನಾಗಲಕ್ಷ್ಮಿ ಹೊರಟಳು.

ಒಂಬತ್ತಕ್ಕೆ ಇಪ್ಪತ್ತಮೂರು ಹೆಂಗಸರು ರಸ್ತೆಯ ಅಂಚಿನಲ್ಲಿ, ತಲೆಯ ಬೈತಲೆಯಷ್ಟು ನೇರವಾಗಿ ನಿಂತರು. ಪಾಪಣ್ಣ ತುಟಿಯ ಮೇಲೆ ಬೆರಳಿಟ್ಟು ಆ ತುದಿಯಿಂದ ಈ ತುದಿಗೆ ಓಡಾಡಿದ. ಮಾಲಿನಿ ಏನೋ ಕೇಳಲು ಬಾಯಿ ತೆರೆದಳು. ನಾಗಲಕ್ಷ್ಮಿ ಅವಳ ಬಾಯಿ ಮುಚ್ಚಿ, ಕಾನ್‌ಸ್ಟೇಬಲ್ ಕಡೆ ಕಣ್ಣು ತೋರಿಸಿದಳು.

ಒಂದು ಗಂಟೆ ಕಳೆಯಿತು. ಟಿಪ್ಪರ್‌ಗಳು ಅವರ ಸೆರಗು ಹಾರಿಸಿಕೊಂಡು ಹೋದವು. ಬೈಕಿನವರು ಕತ್ತು ತಿರುಗಿಸಿ ನೋಡಿದರು. ಒಬ್ಬ ಮುದುಕ ಯಾರು ತೀರಿಕೊಂಡರೆಂದು ಕೇಳಿ, ಉತ್ತರ ಬಾರದ್ದರಿಂದ ದುಃಖ ದೊಡ್ಡದಿರಬೇಕೆಂದು ಕೈಮುಗಿದು ಹೋದ. ಟೌನ್ ಬಸ್ಸು ನಿಂತಿತು. "ಹತ್ಕೊಳ್ರಮ್ಮ ಬೇಗ," ಎಂದ ಕಂಡಕ್ಟರ್. ಯಾರೂ ಹತ್ತಲಿಲ್ಲ. "ಬಸ್ಸು ಬರಲ್ಲ ಅಂತ ಬೈತೀರಿ, ಬಂದ್ರೆ ಬೊಂಬೆ ತರ ನಿಂತ್ಕತೀರಿ," ಎಂದು ಅವನೇ ಬೈದು ಸೀಟಿ ಊದಿದ.

ಇಪ್ಪತ್ತಮೂರು ಜನಕ್ಕೆ ಇಂಜಿನಿಯರು ಹಂಪ್ಸ್ ಹಾಕುವುದಿಲ್ಲ ಎಂದು ನಾಗಲಕ್ಷ್ಮಿಗೆ ಆಗಲೇ ಗೊತ್ತಾಗಿತ್ತು.

ಅದೇ ಬಸ್ಸಿನಿಂದ ಒಬ್ಬ ಮುದುಕಿ ಇಳಿದಿದ್ದಳು. ಹೆಸರು ರಾಮಕ್ಕ, ಪಕ್ಕದ ಊರಿನವಳು. ಸಾಲನ್ನು ಮೇಲಿಂದ ಕೆಳಗೆ ನೋಡಿದಳು. ಏನೂ ಕೇಳದೆ ಕೊನೆಗೆ ಹೋಗಿ ನಿಂತಳು, ಮಡಿಲಿಂದ ರೇಷನ್ ಕಾರ್ಡು ತೆಗೆದು ಕೈಯಲ್ಲಿ ಹಿಡಿದಳು.

ಈ ಸೀಮೆಯಲ್ಲಿ ಸಾಲು ಕಂಡರೆ ಮೊದಲು ನಿಲ್ಲಬೇಕು, ಆಮೇಲೆ ಕೇಳಬೇಕು. ಹಬ್ಬಕ್ಕೆ ಸರ್ಕಾರ ರೇಷನ್ ಕಾರ್ಡಿಗೆ ಪುಕ್ಕಟೆ ಕೊಡುವ ಅಕ್ಕಿ, ಸಕ್ಕರೆ, ಕಬ್ಬು, ಸೀರೆ, ಎಲ್ಲಕ್ಕೂ ಮೊದಲು ಟೋಕನ್. ಟೋಕನ್ನಿಗೆ ಮೊದಲು ಸಾಲು. 'ಏನು ಕೊಡ್ತಾರೆ' ಎಂದು ವಿಚಾರಿಸುತ್ತ ನಿಂತವರ ಮುಂದೆ ಹತ್ತು ಜನ ಸೇರಿಕೊಂಡಿರುತ್ತಾರೆ. ರಾಮಕ್ಕನ ಹಿಂದೆ ಸೊಪ್ಪು ಮಾರುವವಳು ನಿಂತಳು. ಅವಳ ಹಿಂದೆ ಒಂದು ಗಂಡ ಹೆಂಡತಿ. ಅವರ ಹಿಂದೆ, ಹೆಂಡತಿಗೆ ಫೋನ್ ಮಾಡಿ "ಎಲ್ಲಾರ ಆಧಾರೂ ಎತ್ಕೊಂಡು ಓಡ್ ಬಾ" ಎಂದ ಗಾರೆ ಮೇಸ್ತ್ರಿ. ಹತ್ತೂವರೆಗೆ ಸಾಲು ಹುಣಸೆಮರ ದಾಟಿತು. ತಿರುವಿನಾಚೆ ಜನ ಕಲ್ಲು, ಚೀಲ, ಒಂಟಿ ಚಪ್ಪಲಿ ಇಟ್ಟು ಜಾಗ ಹಿಡಿದು ನೆರಳಿಗೆ ಹೋಗಿದ್ದರು.

ಮುಂದೆ ನಿಂತಿದ್ದ ನಾಗಲಕ್ಷ್ಮಿಗೆ ಹಿಂದಿನ ಸಂಗತಿ ಕಾಣುತ್ತಿರಲಿಲ್ಲ. ಸಾಲು ಬೆಳೆಯುವುದಷ್ಟೇ ಕಂಡಿತು. ಕಂಡು ಕಣ್ಣು ತುಂಬಿ ಬಂತು. ಯಾವ ಊರಿನ ಯಾರೋ ಜನ, ತನ್ನ ಮಗಳಿಗಾಗಿ ಬಿಸಿಲಲ್ಲಿ ನಿಂತಿದ್ದಾರೆ.

ಪಾಪಣ್ಣ ಓಡಿ ಬಂದು ಕಿವಿಯಲ್ಲಿ ಪಿಸುಗುಟ್ಟಿದ. "ಜನ ಬಂದವ್ರೆ ಕಣಮ್ಮ. ನಾನೇಳಿರ್ಲಿಲ್ವಾ, ಶಿಸ್ತು ಅಂತ. ಒಂದೇ ಒಂದು ಯೋಚ್ನೆ."

"ಏನಣ್ಣ?"

"ಎಲ್ರ ಕೈಲೂ ರೇಷನ್ ಕಾರ್ಡ್ ಐತೆ."

ನಾಗಲಕ್ಷ್ಮಿಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಮಗಳ ಕೈಹಿಡಿದು ಸಾಲಿನ ಉದ್ದಕ್ಕೂ ನಡೆದಳು. ರಾಮಕ್ಕನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: "ಅಜ್ಜೀ, ಇಲ್ಲಿ ಏನೂ ಕೊಡಲ್ಲ. ನಾವು ರಸ್ತೆಗೆ ಹಂಪ್ಸ್ ಬೇಕು ಅಂತ ನಿಂತಿರೋದು."

ರಾಮಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನೂ ಕೊಡ್ದೇ ಇದ್ರೆ ನೀನ್ಯಾಕವ್ವ ಬೆಳಿಗ್ಗಿಂದ ಮೊದಲ್ನೇ ಜಾಗದಲ್ಲಿ ನಿಂತಿದ್ದೀಯ?"

"ಅಯ್ಯೋ, ನಿಜವಾಗ್ಲೂ ಅಜ್ಜಿ..."

"ನಮ್ಮುನ್ನ ಕಳ್ಸಿಬುಟ್ಟು ನೀವೇ ಹೊಡ್ಕೊಳ್ಳಾನ ಅಂತಾನಾ?" ಎಂದ ಗಾರೆ ಮೇಸ್ತ್ರಿ. ದನಿ ಏರಿತು. ಅತ್ತ ಸುಬ್ರಮಣಿ ತಲೆ ಎತ್ತಿ, ನಿಂತಿದ್ದ ಪೊಲೀಸ್ ವ್ಯಾನಿನ ಕಡೆ ನೋಡಿದ.

ಒಬ್ಬರು ಕೂಗಿದರೂ ಎಲ್ಲ ಮುಗಿಯಿತು. "ಕೊಡ್ತಾರೆ ಅಣ್ಣ, ಕೊಡ್ತಾರೆ," ಎಂದು ನಾಗಲಕ್ಷ್ಮಿ ಕೈಮುಗಿದಳು. "ಹಂಪ್ಸ್ ಕೊಡ್ತಾರೆ. ಆದ್ರೆ ಮಾತಾಡಿದ್ರೆ ಕೊಡಲ್ಲ."

ಸಾಲೆಲ್ಲ ತಟ್ಟನೆ ಮೌನವಾಯಿತು. ಮಾಲಿನಿ ಅಮ್ಮನ ಸೆರಗು ಜಗ್ಗಿದಳು. "ಆಮ್ಯಾಕ್ ಕೇಳು ಬಂಗಾರ," ಎಂದಳು ನಾಗಲಕ್ಷ್ಮಿ, ಮಗಳ ಕೆನ್ನೆ ಸವರಿ.

ಹನ್ನೊಂದಕ್ಕೆ ಸರಿಯಾಗಿ ಇಂಜಿನಿಯರ ಜೀಪು ಬಂತು. ಕೃಷ್ಣಗಿರಿ ಕಡೆಯ ಮನುಷ್ಯ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ನಡುನಡುವೆ ತಮಿಳು ಇಣುಕುತ್ತಿತ್ತು. ಇಳಿದು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣಿಗೆ ಕಾಣುವಷ್ಟು ದೂರ ಜನ. ಜೀಪು ಬಂದರೂ ಒಬ್ಬನೂ ಕದಲಲಿಲ್ಲ. ಕದಲಿದರೆ ಜಾಗ ಹೋಗುತ್ತದೆಂದು ಒಬ್ಬರ ಬೆನ್ನಿಗೊಬ್ಬರು ಎದೆ ತಾಗಿಸಿ ನಿಂತಿದ್ದರು.

"ಇಪ್ಪತ್ತೆರಡು ವರ್ಷ ಸರ್ವೀಸು ನನಗೆ," ಎಂದರು ಇಂಜಿನಿಯರು. "ಇಂಥ ಪೋರಾಟ ನೋಡಿಲ್ಲಮ್ಮ. ಒಂದು ಸದ್ದು ಇಲ್ಲ. ಎಷ್ಟು ಜನ!"

ಪಾಪಣ್ಣ ಎದೆ ಉಬ್ಬಿಸಿ ನಿಂತ. ಇಂಜಿನಿಯರು ಸಾಲಿನ ಉದ್ದಕ್ಕೂ ನಡೆಯತೊಡಗಿದರು. ನಾಗಲಕ್ಷ್ಮಿ ಮಗಳನ್ನು ಎಳೆದುಕೊಂಡು ಹಿಂದೆಯೇ ಓಡಿದಳು. ಅವರು ಊರಿನ ಹೆಂಗಸರನ್ನೆಲ್ಲ ದಾಟಿ, ಬೇಕೆಂದೇ ಮಾಡಿದಂತೆ ರಾಮಕ್ಕನ ಮುಂದೆ ನಿಂತರು.

"ಪಾಟೀ... ಅಜ್ಜೀ, ನಿಮಗೆ ಏನು ಬೇಕು?"

ರಾಮಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಹಂಪ್ಸು ಸಾಮಿ," ಎಂದಳು ಗಟ್ಟಿಯಾಗಿ. "ಎಲ್ಲಾರ್ಗೂ ಕೊಡ್ಬೇಕು. ನಮ್ಮೂರ್ಗೆ ಹೋದ್ ಸಲವೂ ಸಿಗಲಿಲ್ಲ."

"ನಿಮ್ಮೂರಿಗೂ ಬೇಕಾ?"

"ಮನೆಗೊಂದಾದ್ರೂ ಬೇಕು ಸಾಮಿ. ನನ್ ಸೊಸೆ ಬೇರೆ ಕಾರ್ಡ್ ಮಾಡಿಸ್ಕಂಡವಳೆ, ಅವಳ್ಗೂ ಒಂದು."

ಇಂಜಿನಿಯರು ನಕ್ಕುಬಿಟ್ಟರು. "ಸುತ್ತಲ ಊರಿನೋರಿಗೂ ಎಷ್ಟು ಅಕ್ಕರೆ ನೋಡಿ," ಎಂದು ನಾಗಲಕ್ಷ್ಮಿಯ ಕಡೆ ತಿರುಗಿದರು. "ಜನರ ಸಪೋರ್ಟ್ ಬಗ್ಗೆ ನನಗೆ ಸಂದೇಹವೇ ಇಲ್ಲಮ್ಮ. ಇನ್ನು ಒಂದೇ ಬಾಕಿ. ಅರ್ಧ ಗಂಟೆ ಗಾಡಿಗಳ ವೇಗ ಅಳೆದುಬಿಡ್ತೀವಿ. ಜೋರಾಗಿ ಹೋಗ್ತವೆ ಅಂತ ಕಾಗದದ ಮೇಲೆ ಬಂದರೆ ಮುಗೀತು, ನಾಳೆಯೇ ಹಂಪ್ಸ್ ಹಾಕಿಸ್ತೀನಿ."

ನಾಗಲಕ್ಷ್ಮಿಯ ಎದೆಯಿಂದ ಒಂದು ಭಾರ ಇಳಿಯಿತು. ವೇಗದ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಆ ರಸ್ತೆಯಲ್ಲಿ ನಿಧಾನ ಹೋದ ಟಿಪ್ಪರ್ ಒಂದನ್ನೂ ಅವಳು ಕಂಡಿರಲಿಲ್ಲ.

ಇಂಜಿನಿಯರ ಸಹಾಯಕ ಬಾಲಾಜಿ ಕೈಯಲ್ಲಿ ಯಂತ್ರ ಹಿಡಿದು ರಸ್ತೆಬದಿಗೆ ನಿಂತ. ತಿರುವಿನಲ್ಲಿ ಮೊದಲ ಟಿಪ್ಪರ್ ಕಾಣಿಸಿತು. ಧೂಳೆಬ್ಬಿಸಿಕೊಂಡು ಬಂದದ್ದು, ಸಾಲು ಕಂಡೊಡನೆ ಬ್ರೇಕು ಹಾಕಿ, ತುಂಬು ಬಸುರಿಯಂತೆ ನಿಧಾನವಾಗಿ ಬಂತು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಏನಕ್ಕಾ ಕೊಡ್ತಾವ್ರೆ?"

"ಹೋಗಪ್ಪಾ, ಏನೂ ಇಲ್ಲ, ಜೋರಾಗ್ ಹೋಗು," ಎಂದಳು ನಾಗಲಕ್ಷ್ಮಿ ಹಲ್ಲು ಕಚ್ಚಿ.

ಡ್ರೈವರ್ ಕ್ಲೀನರನ್ನು ಇಳಿಸಿ ಸಾಲಿನ ಕೊನೆಗೆ ನಿಲ್ಲಿಸಿ, ಇನ್ನಷ್ಟು ನಿಧಾನವಾಗಿ ಹೋದ.

"ಎಂಟು," ಎಂದ ಬಾಲಾಜಿ.

ಎರಡನೆಯದು ಬಂತು. ಮೂರನೆಯದು. ಕಾರ್ಖಾನೆಯ ಬಸ್ಸು ಬಂದಾಗ ಕಿಟಕಿಗೊಂದು ತಲೆ. ಬೈಕಿನವರು ಕಾಲು ನೆಲಕ್ಕೆ ಊರಿ ತಳ್ಳಿಕೊಂಡೇ ಹೋದರು. ಪಾಪಣ್ಣ ಶಿಸ್ತು ಮರೆತು ರಸ್ತೆಯಂಚಿಗೆ ಇಳಿದ. "ನಡೀಲಾ, ನಡೀಲಾ, ಗೇರ್ ಹಾಕ್ಲಾ," ಎಂದು ತಗ್ಗಿದ ದನಿಯಲ್ಲಿ ಹೇಳುತ್ತ ಕೈ ಬೀಸಿದ. ಅವನು ಬೀಸಿದಷ್ಟೂ ಇಲ್ಲೇನೋ ದೊಡ್ಡದೇ ನಡೆದಿದೆಯೆಂದು ವಾಹನಗಳು ನಿಂತೇಬಿಟ್ಟವು.

ದಿನವೂ 'ದೇವರೇ, ನಿಧಾನ ಹೋಗಲಿ' ಎಂದು ಬೇಡಿಕೊಳ್ಳುತ್ತಿದ್ದ ನಾಗಲಕ್ಷ್ಮಿ, ಅಂದು ಕಣ್ಣುಮುಚ್ಚಿ ಒಂದು ಟಿಪ್ಪರ್ ಆದರೂ ರಭಸವಾಗಿ ಬರಲೆಂದು ಹರಕೆ ಹೊತ್ತಳು. ಕಣ್ಣು ತೆರೆದರೆ ಎದುರಿಗೆ ಹಸಿರು ಕ್ಯಾಬಿನ್ನಿನ ಟಿಪ್ಪರ್. ಮಗಳ ಬ್ಯಾಗು ಹರಿದದ್ದು ಅದೇ. ಅವಳ ಕೈ ತಾನಾಗಿ ಮಾಲಿನಿಯನ್ನು ಅಪ್ಪಿಕೊಂಡಿತು. ಆ ಟಿಪ್ಪರ್, ಹಸುಗೂಸಿರುವ ಮನೆಯೊಳಗೆ ತುದಿಗಾಲಲ್ಲಿ ನಡೆಯುವ ನೆಂಟನಂತೆ, ಸದ್ದೇ ಇಲ್ಲದೆ ದಾಟಿ ಹೋಯಿತು.

"ಆರು," ಎಂದ ಬಾಲಾಜಿ.

ಅರ್ಧ ಗಂಟೆ ಮುಗಿಯಿತು. ಇಂಜಿನಿಯರು ಕಾಗದದ ಮೇಲೆ ಏನೋ ಕೂಡಿಸಿ, ಭಾಗಿಸಿ, ತಲೆಯಾಡಿಸಿದರು.

"ಸಾರ್, ಇವತ್ತು ಮಾತ್ರ ಹಿಂಗೆ," ಎಂದಳು ನಾಗಲಕ್ಷ್ಮಿ. "ಈ ಜನ ಇರೋದ್ರಿಂದ ನಿಧಾನ ಹೋಗ್ತಾವ್ರೆ. ದಿನಾ ಹಿಂಗಿರಲ್ಲ. ಸೋಮವಾರದಿಂದ ನನ್ ಮಗಳು ಒಬ್ಬಳೇ ದಾಟ್ಬೇಕು ಸಾರ್."

"ನಿಮ್ಮ ಕಷ್ಟ ಅರ್ಥ ಆಗ್ತದಮ್ಮ. ಆದರೆ ನಾನು ಬರೆಯೋದು ಯಂತ್ರ ತೋರಿಸಿದ್ದನ್ನೇ ತಾನೇ? ಸರಾಸರಿ ವೇಗ ಗಂಟೆಗೆ ಏಳು ಕಿಲೋಮೀಟರು. ಹಂಪ್ಸ್ ಹಾಕಿದರೂ ಇಷ್ಟು ನಿಧಾನ ಆಗಲ್ಲ." ಅವರು ಸಹಿ ಮಾಡಿ ಕಾಗದ ಮಡಿಸಿದರು. "ಅಗತ್ಯವಿಲ್ಲ ಅಂತ ಬರೆದಿದ್ದೀನಿ. ಇನ್ನೊಂದು ವರ್ಷ ಬಿಟ್ಟು ಅರ್ಜಿ ಕೊಡಿ. ನಿಮ್ಮ ಶಿಸ್ತನ್ನ ಮಾತ್ರ ಮೇಲಿನೋರಿಗೆ ವಿಶೇಷವಾಗಿ ತಿಳಿಸ್ತೀನಿ."

ಪಾಪಣ್ಣ ಅಲ್ಲಿಯೇ ಮೈಲಿಗಲ್ಲಿನ ಮೇಲೆ ಕುಸಿದ. ಸುಬ್ರಮಣಿ ಗಡಿಯಾರ ನೋಡಿ, ಹನ್ನೆರಡಕ್ಕೆ ಈ ಜನರನ್ನೆಲ್ಲ ಕಳಿಸುವ ಜವಾಬ್ದಾರಿ ನಿಮ್ಮದೇ ಎಂದು ನಾಗಲಕ್ಷ್ಮಿಗೆ ಹೇಳಿದ. ಹಿಂದಿನಿಂದ ರಾಮಕ್ಕ, ಟೋಕನ್ ಯಾವ ಕಡೆಯಿಂದ ಕೊಟ್ಟುಕೊಂಡು ಬರುತ್ತಾರೆಂದು ಸನ್ನೆಯಲ್ಲೇ ಕೇಳುತ್ತಿದ್ದಳು.

ನಾಗಲಕ್ಷ್ಮಿಗೆ ಏನೂ ಕೇಳಿಸುತ್ತಿರಲಿಲ್ಲ. ಕೆಲಸ ಬೇಡವೆಂದು ಹೇಳಲು ಯಾರಿಗೆ ಫೋನ್ ಮಾಡಬೇಕೆಂದು ಯೋಚಿಸುತ್ತ, ಮಗಳ ಕೈ ಸಡಿಲಿಸಿದ್ದಳು.

ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡಿದ್ದ ಮಾಲಿನಿ ಜೀಪಿನ ಹತ್ತಿರ ಹೋದಳು. ಬಾಗಿಲು ಹಿಡಿದು, ಒಂದು ಕಾಲು ಒಳಗಿಟ್ಟಿದ್ದ ಇಂಜಿನಿಯರನ್ನು ಕತ್ತೆತ್ತಿ ನೋಡಿದಳು. ಆಮೇಲೆ ಸಾಲಿನ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು:

"ಸಾರ್, ಸೋಮವಾರ ನಾನು ಸ್ಕೂಲಿಗೆ ಹೋಗೋವಾಗ ಇವ್ರನ್ನೆಲ್ಲ ಯಾರು ನಿಲ್ಲಿಸ್ತಾರೆ?"