ಭಾವನ ಪ್ಲಾನೂ ಅಕ್ಕನ ಕುಂಕುಮದ ಭರಣಿಯೂ

ನಮ್ಮ ಭಾವನಿಗೆ ಪ್ಲಾನ್ ಹಾಕದೆ ಕೆಮ್ಮುವುದಕ್ಕೂ ಬರುವುದಿಲ್ಲ! ಅತಿಯಾಯಿತು ಅಂದಿರಾ? ಎವರ್‌ಗ್ರೀನ್ ಬಡಾವಣೆಯ ಅವರ ಮನೆಯ ಫ್ರಿಜ್ಜಿನ ಬಾಗಿಲನ್ನೊಮ್ಮೆ ನೋಡಿ ಬನ್ನಿ.

ನಾವು ಹತ್ತಾರು ಕನ್ನಡಿಗರು ಸೇರಿ ಈ ಪರದೇಶದಲ್ಲಿ ಒಂದು ಪುಟ್ಟ ಸೇವಾಸಂಸ್ಥೆ ನಡೆಸುತ್ತೇವೆ. ಕಾರು ಓಡಿಸಲಾಗದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ತಲುಪಿಸುವುದು, ಅಷ್ಟೇ ಕೆಲಸ. ಇಲ್ಲೇ ಹತ್ತಿರದ ಊರು ಡಬ್ಲಿನ್ನಿನಲ್ಲಿರುವ ಹಾಸನದ ಅಜ್ಜಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್; ಮಗ ಸೊಸೆ ಇಬ್ಬರಿಗೂ ಆಫೀಸು. ನಮ್ಮ ಇಬ್ಬರು ಡ್ರೈವರುಗಳು ತಿಂಗಳ ಕೊನೆಗೆ ಊರು ಬಿಡುವವರಿದ್ದರು. ಹೊಸಬರು ಸಿಗದಿದ್ದರೆ ಅಜ್ಜಿಯ ಗತಿ?

ಜನಕ್ಕೆ ವಿಷಯ ಮುಟ್ಟಿಸುವ ಕೆಲಸ ತಮಗೆ ಬಿಡಿ ಎಂದರು ಭಾವ. ಬಿಟ್ಟೆವು! ಯಾರಿಗೆ, ಏನು, ಯಾವಾಗ ಹೇಳಬೇಕೆಂದು ಮೂರು ಬಣ್ಣದ ಚಾರ್ಟು ಫ್ರಿಜ್ಜೇರಿತು. ಮೇಲೆ ಕೆಂಪಕ್ಷರದಲ್ಲಿ, ‘ಎಲ್ಲರಿಗೂ ಒಂದೇ ಮೆಸೇಜು’. ಊಟಕ್ಕೆ ಕೂತರೆ ಆ ಮೆಸೇಜಿನ ವಾಚನ. ಮಗಳು "ಇಟ್ಸ್ ಫೈನ್, ಅಪ್ಪಾ" ಎಂದು ಪಾರಾದಳು. ನಾನು ಸಾರು ಆರುವ ತನಕ ಕೇಳಿದೆ.

ಡ್ರೈವರುಗಳನ್ನು ಹುಡುಕಲು ಭಾನುವಾರ ಒಂದು ಸಭೆ; ಅದರ ಕರೆ ಹನ್ನೊಂದು ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಕೈಮುಗಿದ ಚಿತ್ರಗಳ ಸುರಿಮಳೆ! ಭಾವ ಒಂದು ನಮಸ್ಕಾರಕ್ಕೆ ಒಂದು ಕುರ್ಚಿಯಂತೆ ತೊಂಬತ್ತು ಕುರ್ಚಿ ಹಾಕಿಸಿ, ಅಷ್ಟೂ ಜನಕ್ಕೆ ಬಿಸಿಬೇಳೆಬಾತ್ ಮಾಡಿಸಿದರು. ಬರುವುದಿಲ್ಲ ಎಂದು ನಮ್ಮವರು ಬಾಯಿಬಿಟ್ಟು ಹೇಳಿದ್ದುಂಟೇ? ಕೈಮುಗಿಯುತ್ತಾರೆ, ಅಷ್ಟೆ! ಬಂದವರು ನಾಲ್ವರು, ಅದರಲ್ಲಿ ಮೂವರು ನಾವೇ. ವಾರವಿಡೀ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೂ ಬಿಸಿಬೇಳೆಬಾತೇ.

ಭಾವ ಚಾರ್ಟು ಹರಿದು ಹಾಕಿದರು. ಮದುವೆಗೆ ಕರೆಯುವ ಹಾಗೇ ಕರೆಯೋಣ ಎಂದು ಅಕ್ಕನ ಕೈಗೆ ಕುಂಕುಮದ ಭರಣಿ ಕೊಟ್ಟು, ಮತ್ತೊಂದು ಭಾನುವಾರದ ಸಭೆಗಾಗಿ ಮನೆಮನೆ ಸುತ್ತಿಸಿದರು. ಬಾಗಿಲಿಗೇ ಬಂದು ಕುಂಕುಮ ಕೊಟ್ಟು ಕರೆದರೆ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ರೆಡ್‌ವುಡ್ ಸಿಟಿಯಲ್ಲೊಬ್ಬರು ಹುಡುಗಿ ಯಾವ ಕಡೆಯವಳೆಂದು ವಿಚಾರಿಸಿ, ವಿಷಯ ತಿಳಿದ ಮೇಲೂ ಬರುತ್ತೇನೆಂದರು!

ಸಭೆಗೆ ಎರಡು ದಿನವಿರುವಾಗ ಭಾವನೂ ನಾನೂ ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದೆವು.

"ಎಲ್ಲಾರ್ನೂ ಕರೆದ್ಯಂತೆ ಕಣಪ್ಪಾ, ನನ್ನೊಬ್ಬಳನ್ನ ಬಿಟ್ಟು," ಎಂದರು ಅಜ್ಜಿ.

ಅಂದು ಸಂಜೆಯೇ ಅಕ್ಕನನ್ನು ಕೂರಿಸಿಕೊಂಡು ಮತ್ತೆ ಡಬ್ಲಿನ್ನಿಗೆ ಹೋದೆವು. ಬಾಗಿಲು ತೆರೆದ ಅಜ್ಜಿಯನ್ನು ಕಂಡು ಅಕ್ಕ ಭರಣಿಯ ಮುಚ್ಚಳ ತೆಗೆಯಲು ಹಿಂಜರಿದಳು. ಅಜ್ಜಿ ಗಂಡನನ್ನು ಕಳೆದುಕೊಂಡವರು. ಅಂಥವರಿಗೆ ಕುಂಕುಮ ಕೊಟ್ಟು ಕರೆಯುವ ರೂಢಿ ನಮ್ಮಲ್ಲಿಲ್ಲ.

ಭಾವ ಮೆಲ್ಲಗೆ, "ಎಲ್ಲರಿಗೂ ಒಂದೇ ಮೆಸೇಜು ಕಣೇ," ಎಂದರು.

ಅಕ್ಕ ಭರಣಿ ಮುಂದೆ ಹಿಡಿದಳು. "ಅವರು ಹೋದ್ಮೇಲೆ ಯಾರೂ ಹಿಂಗೆ ಕರೆದಿರ್ಲಿಲ್ಲ ಕಣಮ್ಮಾ," ಎಂದ ಅಜ್ಜಿ ಕುಂಕುಮವನ್ನು ತಾವೇ ಹಣೆಗಿಟ್ಟುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

ಭಾನುವಾರ ಕುರ್ಚಿಗಳು ಸಾಲಲಿಲ್ಲ! ಏಳು ಜನ ಡ್ರೈವರಾಗಲು ಹೆಸರು ಬರೆಸಿದರು. ಕರೆದ ಭಾವನೇ ಗೋಡೆಗೊರಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಅಜ್ಜಿ ರೇಷ್ಮೆ ಸೀರೆಯುಟ್ಟು, ಹಣೆಗೆ ಕುಂಕುಮವಿಟ್ಟು ಕೂತಿದ್ದರು.