ಮೂರನೆಯ ಟ್ಯೂಬು

ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯ ರೇಡಿಯೇಷನ್ ಯಂತ್ರ ನಿಂತುಹೋಯಿತು. ಅದಕ್ಕೆ ಸ್ವಿಚ್ಚಿನ ಕೆಲಸ ಮಾಡುವ, ಗ್ಯಾಸು ತುಂಬಿದ ಹೈವೋಲ್ಟೇಜ್ ಟ್ಯೂಬು ಸತ್ತಿತ್ತು. ವರ್ಷದಲ್ಲಿ ಇದು ಮೂರನೆಯದು. ಸ್ಟೋರಿನಲ್ಲಿ ಉಳಿದಿದ್ದದ್ದು ಒಂದೇ ಒಂದು.

ಎಲ್ಲರೂ ಫ್ಯೂಸಣ್ಣ ಎಂದು ಕರೆಯುತ್ತಿದ್ದ ಟೆಕ್ನೀಷಿಯನ್ ಹೊರಗಿನ ಬೆಂಚಿನತ್ತ ನೋಡಿದ. ಹನ್ನೊಂದು ಜನ ರೋಗಿಗಳು. ಮೂರನೆಯವಳು ಅವನ ಸ್ವಂತ ಅಕ್ಕ.

"ಇರೋದನ್ನ ಹಾಕಿ ಶುರು ಮಾಡಿ," ಎಂದರು ಡಾಕ್ಟರು.

"ಹಾಕಿದ್ರೆ ಇದೂ ಹೋಗುತ್ತೆ ಸರ್. ಹೊಸದು ಬರೋಕೆ ಆರು ವಾರ ಬೇಕು. ಯಾಕೆ ಸಾಯ್ತಿದೆ ಅಂತ ಮೊದಲು ನೋಡ್ಬೇಕು."

ಅಷ್ಟು ಹೇಳಿದ್ದೇ ತಪ್ಪಾಯಿತು. ಕಾರಣ ಹುಡುಕಲು ಅರ್ಧ ಆಸ್ಪತ್ರೆಯೇ ನೆರೆಯಿತು. ಲಿಫ್ಟಿನವನು ಲಿಫ್ಟು ಬಿಟ್ಟು ಬಂದು ಅರ್ಥಿಂಗ್ ಸರಿಯಿಲ್ಲ ಎಂದ. ಅಡುಗೆಮನೆಯ ಮೇಲ್ವಿಚಾರಕಿ, "ನಮ್ಮ ಮಿಕ್ಸಿನೂ ಹೀಗೇ ಮಾಡ್ತಿತ್ತು, ಎರಡೇಟು ತಟ್ಟಿದ ಮೇಲೆ ಸರಿಹೋಯ್ತು," ಎಂದರು. ಹೆಡ್ ನರ್ಸ್ ಮಾತ್ರ ಸುಮ್ಮನೆ ಟಾರ್ಚು ಹಿಡಿದು ನಿಂತರು.

ಮಧ್ಯಾಹ್ನದ ಹೊತ್ತಿಗೆ ಕ್ಯಾಬಿನೆಟ್ಟಿನ ಹಿಂದೆ, ಬೆರಳುದ್ದ ಧೂಳಿನಡಿ, ಕರಕಲಾದ ಡಯೋಡುಗಳ ಸಾಲೊಂದು ಸಿಕ್ಕಿತು.

"ಏನದು?" ಎಂದರು ನರ್ಸ್.

"ಹೊರಟ ನೆಂಟರು ಬಾಗಿಲ ತನಕ ಹೋಗಿ ತಿರುಗಿ ಬರಲ್ವಾ ಸಿಸ್ಟರ್, ಹಾಗೆ ಪ್ರತಿ ಸಲ ಒಂದಿಷ್ಟು ವೋಲ್ಟೇಜು ಉಲ್ಟಾ ಬರುತ್ತೆ. ಟ್ಯೂಬು ಅದನ್ನ ತಡಕೊಳ್ಳಲ್ಲ. ಬಂದದ್ದು ಈ ಡಯೋಡುಗಳ ದಾರೀಲಿ ಇಳಿದುಹೋಗ್ಬೇಕು. ದಾರೀನೇ ಸುಟ್ಟುಹೋಗಿದೆ."

ಮೂಲೆಗೆ ಬಿದ್ದ ಹಳೆಯ ಎಕ್ಸ್‌-ರೇ ಯಂತ್ರದಿಂದ ಡಯೋಡು ಬಿಚ್ಚಿ ತರಲು ಓಡುವಾಗ ಅಕ್ಕ ಕೇಳಿದಳು: "ಊಟ ಮಾಡಿದ್ಯೇನೋ?" ಯಂತ್ರ ಬೇಗ ಸರಿಮಾಡು ಎನ್ನಲಿಲ್ಲ. ಅವನಿಗೆ ಅದೇ ಹೆಚ್ಚು ಭಾರವಾಯಿತು.

ನಾಲ್ಕಕ್ಕೆ, ಉಳಿದ ಟ್ಯೂಬು ಕೂರಿಸಿ, ಮೆಲ್ಲಗೆ ವೋಲ್ಟೇಜು ಏರಿಸಿದ. ಟ್ಯೂಬು ತಾಳಿಕೊಂಡಿತು. ಸಂಜೆ ಏಳರೊಳಗೆ ಹನ್ನೊಂದೂ ಜನರ ಚಿಕಿತ್ಸೆ ಮುಗಿಯಿತು.

"ಈಗಲೇ ರಿಪೋರ್ಟು ಬರೆದು ಕೊಡಿ," ಎಂದರು ಹೆಡ್ ನರ್ಸ್. "ಇಲ್ಲದಿದ್ರೆ ಹೆಸರು ಬೇರೆಯವರು ಹೊಡ್ಕೊಂಡು ಹೋಗ್ತಾರೆ."

ಫ್ಯೂಸಣ್ಣ ದುಂಡಗೆ ಬರೆದ: ರಕ್ಷಣೆಯ ಡಯೋಡುಗಳು ಸುಟ್ಟು ವರ್ಷವೇ ಆಗಿರುವುದರಿಂದ ಮೂರೂ ಟ್ಯೂಬುಗಳು ಹಾಳಾದವು. ಈಗ ಸರಿಪಡಿಸಿದ್ದೇನೆ.

ಆಡಳಿತಾಧಿಕಾರಿ ಎರಡು ಸಲ ಓದಿದರು. ಮುಖ ಅರಳಿತು.

"ಬಹಳ ಸ್ಪಷ್ಟವಾಗಿದೆ. ನಾವು ಸುಮ್ಮನೆ ಟ್ಯೂಬು ಮಾಡಿದೋರನ್ನ ಬೈತಿದ್ವಿ. ಪ್ರತಿ ತಿಂಗಳು ಈ ಕ್ಯಾಬಿನೆಟ್ ಬಿಚ್ಚಿ ನೋಡಿ, ಎಲ್ಲಾ ಸರಿ ಇದೆ ಅಂತ ಸಹಿ ಮಾಡೋರು ಯಾರು?"



"ನಾನೇ ಸರ್."

ಅಧಿಕಾರಿ ಕಾಗದವನ್ನು ಮೆಲ್ಲಗೆ ಅವನ ಕಡೆಗೆ ಸರಿಸಿ, ಪೆನ್ನು ಕೊಟ್ಟರು.

"ಹಾಗಾದ್ರೆ ಕೆಳಗೆ ತಾರೀಖೂ ಹಾಕಿಬಿಡಿ. ವಿಚಾರಣೆಗೆ ಬೇರೆ ಹೇಳಿಕೆ ಬೇಕಾಗಲ್ಲ."